ಎರವಲು ಪಡೆದ ಹೆಸರು

ಇಂಗ್ಲಿಷ್ ಕಲಿಸುವವರಿಗೇ ಇಂಗ್ಲಿಷ್ ಎಂದರೆ ಭಯ ಅಂದರೆ ಹೊರಗಿನವರು ನಂಬುವುದಿಲ್ಲ. ಪವಿತ್ರಾ ಆ ಭಯವನ್ನು ಕೆಲಸಕ್ಕೆ ಸೇರಿದ ದಿನದಿಂದ ಹೊಟ್ಟೆಯೊಳಗೇ ಇಟ್ಟುಕೊಂಡು ಬಂದಿದ್ದಳು. ಐದನೇ ಕ್ಲಾಸಿನ ಮಕ್ಕಳ ಮುಂದೆ ಅವಳ ಇಂಗ್ಲಿಷಿಗೆ ತಡೆಯೇ ಇರಲಿಲ್ಲ. ಇನ್ನೊಬ್ಬ ಮೇಷ್ಟರು ಬಂದು ಬಾಗಿಲಲ್ಲಿ ನಿಂತರೆ ಮಾತ್ರ ನಾಲಿಗೆ ಒಣಗಿಹೋಗುತ್ತಿತ್ತು. ನಂಜನಗೂಡಿನಿಂದ ಹುಲ್ಲಹಳ್ಳಿಗೆ ಹೋಗುವ ದಾರಿಯಲ್ಲಿ, ಕಾಲುವೆ ಪಕ್ಕದಲ್ಲಿದ್ದ ಅವಳ ಶಾಲೆಗೆ ಇದ್ದದ್ದೇ ಇಬ್ಬರು, ಅವಳು ಮತ್ತು ಹೆಡ್‌ಮಾಸ್ಟರ್ ಬಸವಯ್ಯ. ಬಸವಯ್ಯನವರಿಗೆ ಇವಳಿಗಿಂತಲೂ ಕಡಿಮೆ ಬರುತ್ತಿದ್ದುದರಿಂದ ಇಷ್ಟು ವರ್ಷ ಗುಟ್ಟು ರಟ್ಟಾಗದೆ ಕಳೆದಿತ್ತು.

ಹಾಗಿರುವಾಗ ಟಿ. ನರಸೀಪುರದಲ್ಲಿ ತರಬೇತಿ ಎಂದು ಆದೇಶ ಬಂತು. ಸೋಮವಾರದಿಂದ ಶುಕ್ರವಾರದವರೆಗೆ, ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನ ಶಿಕ್ಷಕರಿಗೆ, ಮನೆಯಲ್ಲಿ ಇಂಗ್ಲಿಷ್ ಕೇಳದ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಕಲಿಸುವ ಬಗೆ. ಜ್ವರದ ನೆಪ ಹೇಳಿದರೆ ನಡೆಯುತ್ತದೆಯೇ ಎಂದು ಪವಿತ್ರಾ ಗಂಡನನ್ನು ಕೇಳಿದಳು. ನಂಜುಂಡೇಶ್ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವವನು, ಇಂಥ ಭಯಗಳೆಲ್ಲ ಅವನಿಗೆ ತಮಾಷೆ.

"ಊಟ ಹಾಕ್ತಾರೆ, ಫ್ಯಾನ್ ಇರುತ್ತೆ. ಹಿಂದೆ ಎಲ್ಲಾದ್ರೂ ಕೂತ್ಕೊಂಡು ಎದ್ದು ಬಾ. ಯಾರೂ ನಿನ್ನ ತಿನ್ನಲ್ಲ" ಎಂದ.

ಹಿಂದೆ ಕೂರುವ ಆಸೆ ಮೊದಲ ದಿನ ಬೆಳಿಗ್ಗೆಯೇ ಮಣ್ಣುಪಾಲಾಯಿತು. ಕಪಿಲಾ ನದಿಯ ಕಡೆಗೆ ಕಿಟಕಿಗಳಿದ್ದ ತರಬೇತಿ ಹಾಲ್‌ನಲ್ಲಿ ಕುರ್ಚಿಯೇ ಇರಲಿಲ್ಲ. ನೆಲಕ್ಕೆ ಜಮಖಾನ ಹಾಸಿತ್ತು. ಮುಂದೆ ಒಂದು ಮೇಜು, ಮೇಜಿನ ಮೇಲೆ ಕೋಡುಬಳೆ ಇಡುವಂಥ ಹಳೆಯ ಸ್ಟೀಲ್ ಡಬ್ಬಿ, ಪಕ್ಕದಲ್ಲಿ ತರಬೇತಿ ಕೊಡುವ ಸುಬ್ಬಲಕ್ಷ್ಮಮ್ಮ. ರಿಟೈರಾಗಿ ಬಹಳ ಕಾಲವಾದರೂ ಇಲಾಖೆಯವರು ಈಗಲೂ ಅವರನ್ನೇ ಕರೆಸುತ್ತಿದ್ದರು. ಅವರು ದನಿ ಎತ್ತರಿಸುತ್ತಿರಲಿಲ್ಲ, ಆದರೂ ಅವರು ಬಾಯಿ ತೆರೆದರೆ ಇಡೀ ಹಾಲ್ ತಂತಾನೇ ಸುಮ್ಮನಾಗುತ್ತಿತ್ತು.

"ಪುಸ್ತಕದ ವ್ಯಾಕರಣ ನಿಮಗೆ ಗೊತ್ತಿದೆ. ಅದು ಮಗುವಿನ ಒಳಗೆ ಹೇಗೆ ಇಳಿಯತ್ತೆ ಅನ್ನೋದು ಗೊತ್ತಿಲ್ಲ" ಎಂದರು ಸುಬ್ಬಲಕ್ಷ್ಮಮ್ಮ. "ಅದಕ್ಕೆ ಶುಕ್ರವಾರದವರೆಗೂ ನೀವು ಯಾರೂ ಮೇಷ್ಟರಲ್ಲ. ನಿಮ್ಮ ಕ್ಲಾಸಿನಲ್ಲಿ ತೀರಾ ಹಿಂದಿರೋ ಒಂದು ಮಗುವಿನ ಹೆಸರು ತಗೊಳ್ಳಿ. ಆ ಮಗು ಹೇಗೆ ಕೂರತ್ತೋ ಹಾಗೆ ಕೂರಿ, ಹೇಗೆ ಉತ್ತರ ಕೊಡತ್ತೋ ಹಾಗೇ ಕೊಡಿ. ನಿಮ್ಮ ಸ್ವಂತ ಹೆಸರು ಬರೆದು ಈ ಡಬ್ಬಿಗೆ ಹಾಕಿ. ಶುಕ್ರವಾರ ವಾಪಸ್ ಕೊಡ್ತೀನಿ."

ಸಾಲಿನಲ್ಲಿ ನಗೆ ಎದ್ದಿತು. ಮೂಗೂರಿನ ಮೇಷ್ಟರು ರಂಗನಾಯಕ, ಹೊಟ್ಟೆ ಬಂದ ಭಾರಿ ಆಳು, ತನ್ನ ಕ್ಲಾಸಿನ ಮಹಾ ತಲೆಹರಟೆಯ ಹೆಸರು ಅಂಟಿಸಿಕೊಂಡು ಆಗಲೇ ಪಕ್ಕದವರ ಜಡೆ ಎಳೆಯತೊಡಗಿದ್ದ. ಪವಿತ್ರಾಳಿಗೆ ಮಾತ್ರ ಎದೆ ಹಗುರಾಯಿತು. ದಾರಿ ತಾನಾಗಿ ತೆರೆದುಕೊಂಡಿತ್ತು. ಅವಳು ಚೀಟಿಯ ಮೇಲೆ ಇಂದ್ರಾಣಿ ಎಂದು ಬರೆದು ಸೆರಗಿಗೆ ಪಿನ್ ಮಾಡಿಕೊಂಡಳು.

ಇಂದ್ರಾಣಿ ಐದನೇ ಕ್ಲಾಸಿನ ಹುಡುಗಿ. ಒಂದನೇ ಕ್ಲಾಸಿಗೆ ಸೇರಿದಂದಿನಿಂದ ಶಾಲೆಯಲ್ಲಿ ಒಂದು ಮಾತಾಡಿದವಳಲ್ಲ. ಮೂಕಿಯಲ್ಲ, ಗೇಟು ದಾಟಿದರೆ ವಟವಟ ಮಾತಾಡುತ್ತಾಳೆ ಎಂದು ಮಕ್ಕಳು ಹೇಳುತ್ತಿದ್ದರು. ಒಳಗೆ ಬಂದರೆ ಮುಗಿಯಿತು, ಹಾಜರಿಗೂ ಕೈ ಎತ್ತುವುದಷ್ಟೇ. ಪವಿತ್ರಾ ಮೊದಮೊದಲು ಮುದ್ದು ಮಾಡಿ ನೋಡಿದ್ದಳು. ಆಮೇಲೆ ಸಿಟ್ಟು ಬಂದಾಗಲೆಲ್ಲ, "ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯಾ?" ಎನ್ನುತ್ತಿದ್ದಳು. ಕ್ಲಾಸು ಘೊಳ್ಳೆಂದು ನಗುತ್ತಿತ್ತು. ಆ ಮಾತು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅಂದದ್ದು ಅವಳಿಗೇ ಕೇಳಿಸುತ್ತಿರಲಿಲ್ಲ.

ಈಗ ಅದೇ ಹುಡುಗಿ ಆಪತ್ತಿಗೆ ಒದಗಿದ್ದಳು. ಮಾತೇ ಆಡದ ಮಗುವಾದರೆ ಇಂಗ್ಲಿಷ್ ಮಾತಾಡುವ ಗೋಜಿಲ್ಲ, ಯಾರೂ ನಗುವುದಿಲ್ಲ. ವಾರವೆಲ್ಲ ಬಾಯಿ ಮುಚ್ಚಿಕೊಂಡು ಕೂತು, ಸರ್ಟಿಫಿಕೇಟ್ ತೆಗೆದುಕೊಂಡು ಹೋದರಾಯಿತು. ಇಷ್ಟು ಜಾಣತನ ತನಗೆ ಎಲ್ಲಿಂದ ಬಂತೆಂದು ಅವಳಿಗೇ ಹೆಮ್ಮೆಯಾಯಿತು.

ಸುಬ್ಬಲಕ್ಷ್ಮಮ್ಮ ಚೀಟಿ ಓದಿ ಮಗುವಿನ ಬಗ್ಗೆ ಕೇಳಿದರು. ಪವಿತ್ರಾ ಹೇಳಿದ್ದನ್ನು ಕೇಳಿ ಅವರ ಮುಖ ಸ್ವಲ್ಪ ಚಿಕ್ಕದಾಯಿತು.

"ಮಾತಾಡೋ ಮಗು ಯಾವುದೂ ಇರಲಿಲ್ವೇನಮ್ಮಾ?"

"ಹಿಂದಿರೋ ಮಗು ಅಂದ್ರಲ್ಲಾ ಮೇಡಂ."

"ಮಾತಾಡೋ ಮಗುವಿನ ತಪ್ಪುಗಳನ್ನ ಎರವಲು ತರಬಹುದು. ಈ ಮಗುವಿನ ಹತ್ತಿರ ತಪ್ಪೂ ಇಲ್ಲವಲ್ಲ. ನೀನು ಏನನ್ನ ತರ್ತಿದ್ದೀಯ ಅಂತ ನಿನಗೇ ಗೊತ್ತಿಲ್ಲ" ಎಂದರು. ಅಷ್ಟರಲ್ಲಿ ಹಿಂದಿನಿಂದ ಯಾರೋ ತಳ್ಳಿದರು. ಪವಿತ್ರಾ ತನ್ನ ಹೆಸರಿನ ಚೀಟಿಯನ್ನು ಡಬ್ಬಿಗೆ ಹಾಕಿ ಹೋಗಿ ಗೋಡೆಗೆ ಒರಗಿ ಕೂತಳು.

ಪಾಠ ಶುರುವಾಯಿತು. ಸುಬ್ಬಲಕ್ಷ್ಮಮ್ಮನವರ ಪದ್ಧತಿಯಲ್ಲಿ ವ್ಯಾಕರಣದ ಸೂತ್ರ ಹೇಳುವುದಿಲ್ಲ. ಮಗು ಒಂದು ಕೆಲಸ ಮಾಡಬೇಕು, ಮಾಡುತ್ತಲೇ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಕೈಯೂ ಬಾಯಿಯೂ ಒಟ್ಟಿಗೆ ಹೋದರೆ ವಾಕ್ಯ ತಾನಾಗಿ ಕೂರುತ್ತದೆ ಎಂಬುದು ಅವರ ನಂಬಿಕೆ. ರಂಗನಾಯಕ ಕುಪ್ಪಳಿಸುತ್ತ "ಐ ಆಮ್ ಜಂಪಿಂಗ್" ಎಂದಾಗ ಕಿಟಕಿ ಗಾಜುಗಳು ಅದುರಿದವು. ಆಮೇಲೆ ಇಂದ್ರಾಣಿಯನ್ನು ಕರೆದರು. ಬಾಗಿಲ ಹತ್ತಿರ ಹೋಗಿ, 'ಐ ಆಮ್ ಓಪನಿಂಗ್ ದ ಡೋರ್' ಎಂದು ಹೇಳಿ ತೆರೆಯಬೇಕು. ಪವಿತ್ರಾ ಹೋದಳು, ತುಟಿ ಬಿಗಿಹಿಡಿದು ಬಾಗಿಲು ತೆರೆದಳು, ತಲೆ ತಗ್ಗಿಸಿ ಬಂದು ಕೂತಳು. ಯಾರೂ ನಗಲಿಲ್ಲ. ಇಷ್ಟು ನೆಮ್ಮದಿಯಾಗಿ ಅವಳು ಯಾವ ತರಬೇತಿಯಲ್ಲೂ ಕೂತಿರಲಿಲ್ಲ.

ಊಟದ ಹೊತ್ತಿಗೆ ಬಡಿಸುವವರನ್ನು ಮಜ್ಜಿಗೆ ಕೇಳಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಬೆಳಿಗ್ಗೆಯಿಂದ ಸುಮ್ಮನಿದ್ದು ಗಂಟಲು ಕಟ್ಟಿರಬೇಕು ಎಂದುಕೊಂಡು ಕೆಮ್ಮಿದಳು. ಕೆಮ್ಮು ಬಂತು, ಮಾತು ಬರಲಿಲ್ಲ. ಸಂಜೆ ಗೇಟು ದಾಟಿ ಎದುರಿನ ಅಂಗಡಿಯಲ್ಲಿ "ಒಂದು ಟೀ ಕೊಡಪ್ಪ" ಎಂದಾಗ ದನಿ ಸಲೀಸಾಗಿ ಬಂದಿತು. ಅವಳು ನಿರಾಳವಾಗಿ ಟೀ ಕುಡಿದಳು.

ಬಸ್ಸು ಬರುವ ಮೊದಲೇ ಬಸವಯ್ಯನವರ ಫೋನು ಬಂತು.

"ಪವಿತ್ರಾ ಮೇಡಂ, ಎಲ್ಲಿದ್ದೀರಾ? ಕೂತ್ಕೊಂಡು ಕೇಳಿ. ನಿಮ್ ಇಂದ್ರಾಣಿ ಬಾಯ್ಬಿಟ್ಟಳು ಕಣ್ರೀ."

"ಏನಂದ್ಲು ಸರ್?"

"ಇಂಗ್ಲಿಷು ಕಣ್ರೀ, ಇಂಗ್ಲಿಷು. ಊಟದ ಬೆಲ್‌ಗೆ ಮುಂಚೆ ಎದ್ದು ಸೀದಾ ಬಾಗ್ಲತ್ರ ಹೋದ್ಲು. ಐ ಆಮ್ ಓಪನಿಂಗ್ ದ ಡೋರ್ ಅಂದ್ಲು. ಬಾಗ್ಲು ತೆಗ್ದೇ ಇತ್ತು. ಅದನ್ನ ಮುಚ್ಚಿ, ಆಮೇಲೆ ತೆಗೆದ್ಲು."

ಪವಿತ್ರಾಳ ಕಣ್ಣಲ್ಲಿ ನೀರು ಬಂತು. ಅದು ಸಂತೋಷದ ನೀರೇ. ಬಸ್ಸಿನಲ್ಲಿ ಕೂತು ನಂಜನಗೂಡಿನ ಅರ್ಧ ದಾರಿ ಬಂದ ಮೇಲೆ ಒಂದು ಮಾತು ಹೊಳೆಯಿತು. ಆ ವಾಕ್ಯವನ್ನು ಅವಳು ಆ ಹುಡುಗಿಗೆ ಎಂದೂ ಕಲಿಸಿರಲಿಲ್ಲ.

ಕಾಕತಾಳೀಯ ಎಂದು ಮನಸ್ಸಿಗೆ ಹೇಳಿಕೊಂಡಳು. ನಂಜುಂಡೇಶನೂ ಅದನ್ನೇ ಹೇಳಿದ. ಮಂಗಳವಾರ ಸುಬ್ಬಲಕ್ಷ್ಮಮ್ಮ ಅವಳ ಕೈಗೆ ನೀಲಿ ಬಾಟಲಿ ಕೊಟ್ಟು ನೀರು ಕುಡಿಯುತ್ತ ವಾಕ್ಯ ಹೇಳು ಎಂದರು. ಪವಿತ್ರಾ ಈ ಸಲ ಪರೀಕ್ಷೆ ಮಾಡಿಯೇಬಿಡೋಣವೆಂದು ಹೇಳಲು ನೋಡಿದಳು. ನಾಲಿಗೆ ಅಲುಗಿತು, ತುಟಿ ಅಲುಗಿತು, ಸದ್ದಿಲ್ಲ. ಗಾಬರಿಯಲ್ಲಿ ನೀರು ಗಲ್ಲದ ಮೇಲೆ ಸುರಿಯಿತು. ರಂಗನಾಯಕ ಪಕ್ಕದವರಿಗೆ, "ಏನ್ ಆಕ್ಟಿಂಗ್ ಮಾಡ್ತದೆ ನೋಡ್ರೀ ಈವಮ್ಮ, ಪ್ರೈಜ್ ಕೊಡ್ಬೇಕು" ಎಂದ.

ಸಂಜೆ ಬಸವಯ್ಯನವರ ಫೋನಿಗೆ ಕಾಯುವ ತಾಳ್ಮೆ ಇಲ್ಲದೆ ಅವಳೇ ಮಾಡಿದಳು.

"ಇವತ್ತೂ ಹೇಳಿದ್ಲು ಮೇಡಂ. ಐ ಆಮ್ ಡ್ರಿಂಕಿಂಗ್ ವಾಟರ್ ಫ್ರಮ್ ದ ಬ್ಲೂ ಬಾಟಲ್." ಬಸವಯ್ಯನವರ ದನಿಯಲ್ಲಿ ನಿನ್ನೆಯ ಕುಣಿತ ಇರಲಿಲ್ಲ. "ನಮ್ಮಲ್ಲಿ ಬ್ಲೂ ಬಾಟಲ್ ಎಲ್ಲಿ ಐತ್ರೀ? ಕೈಯಲ್ಲಿ ಏನೂ ಇರ್ಲಿಲ್ಲ. ಸುಮ್ನೆ ಹಿಂಗೆ ಎತ್ತಿ ಕುಡಿದ್ಲು. ಆದ್ರೆ ಗಲ್ಲ ಒದ್ದೆ ಆಗಿತ್ತು. ನಾನೇ ಮುಟ್ಟಿ ನೋಡ್ದೆ."

ಪವಿತ್ರಾ ತನ್ನ ಗಲ್ಲ ಮುಟ್ಟಿ ನೋಡಿಕೊಂಡಳು.

"ಇನ್ನೊಂದು ಮಾತು. ಬೇಜಾರ್ ಮಾಡ್ಕೋಬೇಡಿ" ಎಂದರು ಬಸವಯ್ಯ. "ಆ ದನಿ ಥೇಟ್ ನಿಮ್ದೇ ಕಣ್ರೀ. ನಾನು ಆಫೀಸ್ ರೂಮಲ್ಲಿದ್ದೆ, ನೀವೇ ತರಬೇತಿ ಬಿಟ್ಟು ಬಂದ್ರೇನೋ ಅಂದ್ಕೊಂಡು ಎದ್ದು ಬಂದೆ."

ಬುಧವಾರ ಸಂಜೆ ಪವಿತ್ರಾ ನಂಜನಗೂಡಿನಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಹುಲ್ಲಹಳ್ಳಿ ಬಸ್ಸು ಹತ್ತಿ ಶಾಲೆಯ ಸ್ಟಾಪಿನಲ್ಲಿ ಇಳಿದು, ಕಾಲುವೆ ಏರಿಯ ಮೇಲೆ ನಡೆದು ಇಂದ್ರಾಣಿಯ ಮನೆಗೆ ಹೋದಳು. ಇನ್ನೂ ಬೆಳಕಿತ್ತು. ಹುಡುಗಿಯ ತಂದೆತಾಯಿ ಕೊಡಗಿನ ತೋಟಕ್ಕೆ ಕೂಲಿಗೆ ಹೋಗಿದ್ದರು. ಅವಳನ್ನು ಸಾಕುತ್ತಿದ್ದವಳು ಅಜ್ಜಿ ಮಾದಮ್ಮ, ಗದ್ದೆ ಕೆಲಸದ ಹೆಂಗಸು. ಅವಳು ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳು. ಮೇಷ್ಟ್ರಮ್ಮ ಬಂದದ್ದನ್ನು ಕಂಡು ಎದ್ದಳು, ಆದರೆ ನಗಲಿಲ್ಲ.

"ಬನ್ನಿ ಮಿಸ್. ನೀವೇ ಬರ್ತೀರಿ ಅನ್ಕಂಡಿದ್ದಿ" ಎಂದಳು. "ನನ್ ಕೂಸು ಇಸ್ಕೂಲಲ್ಲಿ ಮಾತಾಡ್ತು ಅಂತ ಊರೆಲ್ಲ ಕುಸಿ ಪಡ್ತದೆ. ನಂಗೂ ಕುಸಿನೇ. ಆದ್ರ ಮನೇಲಿ ಆಡ್ತಿದ್ದ ಮಾತು ಎಲ್ಲೋಯ್ತು? ಒತ್ತಾರೆಯಿಂದ ಸಂದೆಗಂಟ ಅವ್ವೋ ಅವ್ವೋ ಅಂತ ಜೀವ ತಿಂತಿತ್ತು. ಈಗ ನನ್ನ ಅವ್ವ ಅನ್ನಾಕಿಲ್ಲ. ಎದ್ರೆ ಗುಡ್ ಮಾರ್ನಿಂಗ್ ಅಂತದೆ. ಬೈದ್ರೆ ಕೈ ಕಟ್ಕಂಡು ಬುದ್ಧಿ ಯೇಳ್ತದೆ, ಥೇಟ್ ನಿಮ್ಮಂಗೆ."

ಒಳಗಿನಿಂದ ಒಂದು ದನಿ ಬಂತು. ಪವಿತ್ರಾ ತನ್ನ ದನಿಯನ್ನು ಮೊಬೈಲಿನಲ್ಲಿ ಕೇಳಿದ್ದಳು, ಮದುವೆಯ ವಿಡಿಯೋದಲ್ಲಿ ಕೇಳಿದ್ದಳು. ಹೀಗೆ ಇನ್ನೊಬ್ಬರ ಮನೆಯ ಹಟ್ಟಿಯಿಂದ ನಡೆದುಕೊಂಡು ಬಂದದ್ದನ್ನು ಕೇಳಿರಲಿಲ್ಲ.

"ಬಾಯಿ ಬಿಡು. ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯಾ?"

ಒಳಗೆ ಹೋಗಿ ನೋಡಿದರೆ ಇಂದ್ರಾಣಿ ಹಟ್ಟಿಯ ಮೂಲೆಯಲ್ಲಿ ಆಡಿನ ಮರಿಯ ಮುಂದೆ ಮೊಣಕಾಲೂರಿ ಕೂತಿದ್ದಳು. ಮರಿ ಕತ್ತಾಳೆ ಹಗ್ಗ ಜಗ್ಗಿ ಹಿಂದೆ ಸರಿಯುತ್ತಿತ್ತು. ಹುಡುಗಿ ಇನ್ನೊಮ್ಮೆ ಅದೇ ಮಾತು ಅಂದಳು, ಅದೇ ಏರಿಳಿತದಲ್ಲಿ, ಕೊನೆಗೆ ಪವಿತ್ರಾ ಮಾಡುವ ಹಾಗೇ ಹುಬ್ಬು ಹಾರಿಸಿದಳು. ಆಮೇಲೆ ಕ್ಲಾಸು ನಗಲಿ ಎನ್ನುವವಳಂತೆ ಒಂದು ಗಳಿಗೆ ನಿಲ್ಲಿಸಿದಳು. ನಗುವವರು ಅಲ್ಲಿ ಯಾರೂ ಇರಲಿಲ್ಲ.

ಪವಿತ್ರಾಳ ಕಿವಿಗೆ ಆ ಮಾತು ಮೊದಲ ಸಲ ಬಿತ್ತು. ಹೋಗಿ ಹುಡುಗಿಯ ಭುಜ ಹಿಡಿದು, ಪುಟ್ಟಾ, ಹಾಗನ್ನಬಾರದು ಎಂದು ಹೇಳಲು ಬಾಯಿ ತೆರೆದಳು. ಆದರೆ ಅವಳ ಬಾಯಿಂದ ಬಂದದ್ದು ಬೇರೆ.

"ಅವ್ವೋ, ಮರಿಗೆ ಆಲ್ ಬುಟ್ಯಾ? ಕಟ್ಟಾಕ್ಬುಡ್ಲಾ?"

ಎಳೆಯ, ಸ್ವಲ್ಪ ಒಡಕಿನ ದನಿ. ಮಾದಮ್ಮ ಗೋಡೆ ಹಿಡಿದುಕೊಂಡಳು. ಮೊಮ್ಮಗಳ ಕಡೆ ನೋಡಿದಳು, ಮೇಷ್ಟ್ರಮ್ಮನ ಕಡೆ ನೋಡಿದಳು. ಆಮೇಲೆ ಹತ್ತಿರ ಬಂದು, ಜೀವಮಾನದಲ್ಲಿ ಎಂದೂ ಮುಟ್ಟದಿದ್ದ ಪವಿತ್ರಾಳ ಕೆನ್ನೆಯನ್ನು ಒರಟು ಕೈಯಿಂದ ಮುಟ್ಟಿದಳು.

"ಇಲ್ಲಿ ಅವ್ಳೆ ನನ್ ಕೂಸು" ಎಂದಳು ಮಾದಮ್ಮ ಮೆಲ್ಲಗೆ. "ನಿಮ್ ಒಳ್ಗವ್ಳೆ. ಇಸ್ಕೂಲಲ್ಲಿ ಮಾತಾಡ್ದೇ ಇದ್ರೆ ಇರ್ಲಿ. ನನ್ ಕೂಸಿನ ಮಾತ ನಂಗೆ ಕೊಟ್ಬುಡಿ ಮಿಸ್."

ಅಂದಿನಿಂದ ಗೇಟಿನ ಹೊರಗೂ ಪವಿತ್ರಾಳ ದನಿ ಅವಳದಾಗಿ ಉಳಿಯಲಿಲ್ಲ. ಬಸ್ಸಿನಲ್ಲಿ ಅವಳು "ವಸಿ ಜಾಗ ಬುಡಣ್ಣ" ಎಂದದ್ದನ್ನು ಕೇಳಿ ಕಂಡಕ್ಟರು ತಿರುಗಿ ನೋಡಿದ. ಮನೆಯಲ್ಲಿ ನಂಜುಂಡೇಶ್ ಮೊದಲು ನಕ್ಕ, ತಮಾಷೆ ಸಾಕು ಎಂದ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಅವಳು ತಟ್ಟೆ ತೆಗೆದುಕೊಂಡು ನೆಲದ ಮೇಲೆ ಮೂಲೆಯಲ್ಲಿ ಕೂತು ಉಂಡಳು. ಮೇಜಿನ ಹತ್ತಿರ ಬಾ ಎನ್ನುವ ಧೈರ್ಯ ಅವನಿಗೂ ಬರಲಿಲ್ಲ.

ಭಯಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅದನ್ನು ಅವಳು ಗಂಡನಿಗೂ ಹೇಳಲಿಲ್ಲ. ಹಾಲ್‌ನಲ್ಲಿ ಗೋಡೆಗೆ ಒರಗಿ ಸುಮ್ಮನೆ ಕೂರುವುದು ಅವಳಿಗೆ ಹಿತವಾಗತೊಡಗಿತ್ತು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಕೇಳಿದರೂ ಉತ್ತರಕ್ಕೆ ಕಾಯುವುದಿಲ್ಲ. ಆ ಮೌನದ ಒಳಗೆ ಕೂತ ಮೇಲೇ ಅವಳಿಗೆ ಅದರ ಪರಿಚಯವಾದದ್ದು. ಅದು ಮೊಂಡುತನವಲ್ಲ, ಪೆದ್ದುತನವೂ ಅಲ್ಲ. ನಕ್ಕುಬಿಟ್ಟಾರು ಎಂಬ ಒಂದೇ ಒಂದು ಭಯ. ಇಷ್ಟು ವರ್ಷ ಬಾಗಿಲಲ್ಲಿ ಮೇಷ್ಟರೊಬ್ಬರು ಬಂದು ನಿಂತಾಗ ತನ್ನ ನಾಲಿಗೆ ಒಣಗಿಸುತ್ತಿದ್ದ ಭಯವೂ ಇದೇ ಎಂದು ಅವಳಿಗೆ ಗೊತ್ತಾಯಿತು. ಗೊತ್ತಾದಾಗ ಅಳು ಬಂತು, ಅದಕ್ಕೂ ಸದ್ದಿರಲಿಲ್ಲ.

ಗುರುವಾರ ಸಂಜೆ ಗೇಟಿನ ಹೊರಗೆ ಸುಬ್ಬಲಕ್ಷ್ಮಮ್ಮನವರೇ ಅವಳಿಗಾಗಿ ಕಾಯುತ್ತಿದ್ದರು. ಅವಳು ಕೇಳಲಿಲ್ಲ, ಅವರೇ ಹೇಳಿದರು.

"ನಾಳೆ ಡಬ್ಬಿಯಿಂದ ನಿನ್ನ ಚೀಟಿ ತೆಗೆದುಕೊಡ್ತೀನಿ. ಎಲ್ಲರ ಮುಂದೆ ನಿಂತು ನಿನ್ನ ಹೆಸರು ಹೇಳಬೇಕು, ಒಂದು ಕೆಲಸ ಮಾಡಿ ವಾಕ್ಯ ಹೇಳಬೇಕು. ನಿನ್ನ ದನಿಯಲ್ಲೇ ಹೇಳಬೇಕು. ಅಷ್ಟು ಹೇಳಿದ್ರೆ ಅವಳದ್ದು ಅವಳಿಗೆ, ನಿನ್ನದು ನಿನಗೆ."

"ಯೇಳಾಕ್ ಆಗ್ದಿದ್ರೆ?" ಎಂದಿತು ಪವಿತ್ರಾಳ ಬಾಯಲ್ಲಿ ಆ ಎಳೆಯ ದನಿ.

ಸುಬ್ಬಲಕ್ಷ್ಮಮ್ಮ ನದಿಯ ಕಡೆ ನೋಡಿದರು. "ಹೀಗೇ ಹೆಸರು ಹೇಳದೇ ಎದ್ದುಹೋದವರು ಹಿಂದೆ ಒಬ್ಬರಿದ್ರು. ಬಸ್ಸಿಗೆ ಹೊತ್ತಾಯ್ತು ಅಂತ ಹೋದರು. ಈಗಲೂ ಆಗಾಗ ಸಂತೆಯಲ್ಲಿ ಸಿಗ್ತಾರೆ. ತಲೆಯೆಲ್ಲ ಬೆಳ್ಳಗಾಗಿದೆ. ನನ್ನ ಕಂಡ ತಕ್ಷಣ ತರಕಾರಿ ಚೀಲ ಕೆಳಗಿಟ್ಟು ಕೈ ಕಟ್ಟಿ ನಿಲ್ತಾರೆ. ಹೋಗು ಅನ್ನೋವರೆಗೂ ಹೋಗಲ್ಲ."

ಹೊರಡುವ ಮೊದಲು ಇನ್ನೊಂದು ಮಾತು ಹೇಳಿದರು: "ಹೇಳಿದ್ರೆ ಆ ಮಗು ಕ್ಲಾಸಿನಲ್ಲಿ ಮತ್ತೆ ಸುಮ್ಮನಾಗತ್ತೆ. ಅದೂ ನಿನಗೆ ಗೊತ್ತಿರಲಿ. ಜನ ನಿನ್ನನ್ನೇ ಬಯ್ತಾರೆ."

ಜನ ಬಯ್ಯುವುದಕ್ಕೆ ಬೇಕಾದ ಏರ್ಪಾಟನ್ನು ಬಸವಯ್ಯ ಆಗಲೇ ಮಾಡಿದ್ದರು. ಪಾಪ, ಮನುಷ್ಯ ಕೆಟ್ಟವರಲ್ಲ. ಒದ್ದೆ ಗಲ್ಲ ಕಂಡು ಒಂದು ದಿನ ಹೆದರಿದ್ದರು ನಿಜ. ಆದರೆ ತಮ್ಮ ಶಾಲೆಯ ಮಗು ಇಂಗ್ಲಿಷ್ ಮಾತಾಡುತ್ತದೆ ಎಂಬ ಸುದ್ದಿ ಮೈಸೂರಿನ ಇಲಾಖೆ ಸಾಹೇಬರವರೆಗೆ ಮುಟ್ಟಿದ ಮೇಲೆ ಹೆದರಿಕೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಶುಕ್ರವಾರ ಸಮಾರೋಪಕ್ಕೆ ಸಾಹೇಬರು ಬರುವವರಿದ್ದರು. ಬಸವಯ್ಯ ಇಂದ್ರಾಣಿಗೆ ಹೊಸ ರಿಬ್ಬನ್ ಕಟ್ಟಿಸಿ, ಅಜ್ಜಿಯನ್ನೂ ಜೊತೆಗೆ ಹೊರಡಿಸಿ ಆಟೋದಲ್ಲಿ ನರಸೀಪುರಕ್ಕೆ ಕರೆದುಕೊಂಡು ಬಂದರು.

ಹಾಲ್‌ನಲ್ಲಿ ಅಂದು ಎರಡು ಕುರ್ಚಿ ಹಾಕಿದ್ದರು. ಒಂದರಲ್ಲಿ ಸಾಹೇಬರು, ಇನ್ನೊಂದರಲ್ಲಿ ಇಂದ್ರಾಣಿ. ಕೆಳಗೆ ಜಮಖಾನದ ಮೇಲೆ, ಗೋಡೆಯ ಪಕ್ಕ, ಸೆರಗಿಗೆ ಇಂದ್ರಾಣಿ ಎಂದು ಪಿನ್ ಮಾಡಿಕೊಂಡ ಪವಿತ್ರಾ. ಮಾದಮ್ಮ ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ.

ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಹುಡುಗಿ ಇಂಗ್ಲಿಷಿನಲ್ಲಿ ಉತ್ತರಿಸಿದಳು. ಊರು, ಮನೆ, ಓದು, ಆಡು. ತಡವರಿಕೆಯಿಲ್ಲ, ನಗುವಿಲ್ಲ. ಕಣ್ಣು ಮಾತ್ರ ಎಲ್ಲಿಯೂ ನಿಲ್ಲದೆ ಗೋಡೆಯ ಮೇಲಿತ್ತು. ಬಸವಯ್ಯ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ರಂಗನಾಯಕ ಮಾತ್ರ ತಟ್ಟಲಿಲ್ಲ. ಹುಡುಗಿಯನ್ನು ನೋಡಿ, ಗೋಡೆಯ ಪಕ್ಕ ಕೂತವಳನ್ನು ನೋಡಿ, ತಾನು ಎರವಲು ಪಡೆದಿದ್ದ ಹೆಸರಿನ ಚೀಟಿಯನ್ನು ಎದೆಯಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡ.

ಆಮೇಲೆ ಸುಬ್ಬಲಕ್ಷ್ಮಮ್ಮ ಡಬ್ಬಿ ತೆರೆದರು. ಒಬ್ಬೊಬ್ಬರಾಗಿ ಎದ್ದು ತಮ್ಮ ಹೆಸರು ಹೇಳಿ, ಬಳಪ ಎತ್ತಿಯೋ ಫ್ಯಾನ್ ಹಾಕಿಯೋ ಒಂದು ವಾಕ್ಯ ಹೇಳಿ, ಎರವಲು ಹೆಸರಿನ ಚೀಟಿ ಮೇಜಿನ ಮೇಲಿಟ್ಟು ಹೋದರು. ಡಬ್ಬಿಯಲ್ಲಿ ಕೊನೆಗೆ ಉಳಿದದ್ದು ಪವಿತ್ರಾಳ ಚೀಟಿ.

ಅವಳು ಎದ್ದು ನಿಂತಳು. ಎಲ್ಲರೂ ಕಾದರು. ಹೆಸರು ಗಂಟಲವರೆಗೆ ಬಂದು ನಿಂತಿತು. ಅಲ್ಲಿ ಅವಳಿಗೆ ಒಂದು ಯೋಚನೆ ಬಂತು, ಬಹಳ ಸಿಹಿಯಾದ ಯೋಚನೆ. ಹೇಳದಿದ್ದರೆ ಏನಾಗುತ್ತದೆ? ಹುಡುಗಿ ಹೀಗೇ ಮಾತಾಡುತ್ತಿರುತ್ತಾಳೆ. ಶಾಲೆಗೆ ಹೆಸರು ಬರುತ್ತದೆ, ಸಾಹೇಬರಿಗೆ ಸಂತೋಷ, ಬಸವಯ್ಯನವರಿಗೆ ಸಂತೋಷ. ತಾನು ಇನ್ನೆಂದೂ ಯಾರ ಮುಂದೆಯೂ ಬಾಯಿ ತೆರೆಯಬೇಕಾಗಿಲ್ಲ. ಈ ಗೋಡೆಗೆ ಒರಗಿ ಕೂತಿದ್ದರಾಯಿತು. ಅವಳು ಅರ್ಧ ಕೂತೇಬಿಟ್ಟಳು.

ಆಗ ಬಾಗಿಲ ಸಂದಿನಲ್ಲಿ ಮಾದಮ್ಮ ಕಂಡಳು. ಅವಳು ಕುರ್ಚಿಯ ಮೇಲಿದ್ದ ಮೊಮ್ಮಗಳನ್ನು ನೋಡುತ್ತಿರಲಿಲ್ಲ. ಪವಿತ್ರಾಳನ್ನೇ ನೋಡುತ್ತಿದ್ದಳು, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತು ಮಗುವಿಗಾಗಿ ಕಾಯುವವರ ಹಾಗೆ.

ಪವಿತ್ರಾ ನೆಟ್ಟಗಾದಳು. ಬಾಗಿಲ ಕಡೆ ನಡೆದಳು. ಅರ್ಧ ತೆರೆದಿದ್ದ ಕದದ ಮೇಲೆ ಕೈಯಿಟ್ಟು ಬಾಯಿ ತೆರೆದಳು. ಮೊದಲು ಗಾಳಿ ಬಂತು. ಆಮೇಲೆ ಕಪ್ಪೆ ಕೂಗಿದಂಥ ಒಂದು ಒರಟು ಸದ್ದು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಇಷ್ಟು ವರ್ಷ ಯಾವ ನಗುವಿಗೆ ಹೆದರಿದ್ದಳೋ ಆ ನಗು ಬಂದೇಬಿಟ್ಟಿತ್ತು. ಬಂದಮೇಲೆ ಅದು ಅಷ್ಟೇ ಆಗಿತ್ತು, ಒಂದು ನಗು.

"ಮೈ ನೇಮ್," ಎಂದಳು. ನಿಲ್ಲಿಸಿ ಉಗುಳು ನುಂಗಿದಳು. "ಮೈ ನೇಮ್ ಈಸ್ ಪವಿತ್ರಾ. ಐ... ಐ ಆಮ್... ಓಪನಿಂಗ್ ದ ಡೋರ್."

ದನಿ ಒಡೆದಿತ್ತು, ಹೆದರಿತ್ತು, ಆದರೆ ಅವಳದೇ ಆಗಿತ್ತು. ಅವಳು ಕದವನ್ನು ಗೋಡೆಗೆ ತಾಗುವವರೆಗೂ ತಳ್ಳಿದಳು. ನದಿಯ ಕಡೆಯಿಂದ ಗಾಳಿ ಒಳಗೆ ಬಂದು ಮೇಜಿನ ಮೇಲಿದ್ದ ಚೀಟಿಗಳನ್ನೆಲ್ಲ ಜಮಖಾನದ ಮೇಲೆ ಚೆಲ್ಲಿತು.

ಕುರ್ಚಿಯ ಮೇಲೆ ಇಂದ್ರಾಣಿ ಕಣ್ಣು ಪಿಳುಕಿಸಿದಳು. ಸಾಹೇಬರು ಅವಳನ್ನು ಇನ್ನೊಂದು ಪ್ರಶ್ನೆ ಕೇಳಿದರು. ಅವಳು ತಲೆ ತಗ್ಗಿಸಿ ಪಾದ ನೋಡಿಕೊಂಡಳು. ಮತ್ತೆ ಕೇಳಿದರು, ಕನ್ನಡದಲ್ಲಿ ಕೇಳಿದರು. ಬಸವಯ್ಯ ಪಕ್ಕದಲ್ಲಿ ನಿಂತು "ಹೇಳು ಪುಟ್ಟಾ, ಹೇಳವ್ವಾ" ಎಂದು ಗೋಗರೆದರು. ಹುಡುಗಿ ತುಟಿ ಬಿಚ್ಚಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡು ಎದ್ದರು. ಬಸವಯ್ಯ ಪವಿತ್ರಾಳನ್ನು ನೋಡಿದ ನೋಟದಲ್ಲಿ, ಇದು ನಿಮ್ಮದೇ ಕೆಲಸ ಎಂಬುದು ಚೆನ್ನಾಗಿಯೇ ಇತ್ತು.

ಮಾದಮ್ಮ ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬಂದು ಮೊಮ್ಮಗಳ ಕೈ ಹಿಡಿದು ಹೊರಟಳು. ಗೇಟು ದಾಟಿ ಎರಡು ಹೆಜ್ಜೆ ಹೋಗಿದ್ದರೋ ಇಲ್ಲವೋ, ಆ ಎಳೆಯ ಒಡಕು ದನಿ ಶುರುವಾಯಿತು. "ಅವ್ವೋ, ಆ ಕುರ್ಚಿ ಎಂಗ್ ಮೆತ್ತಗಿತ್ತು ಗೊತ್ತಾ? ಅವ್ವೋ, ಮರೀನ ಬಿಸ್ಲಲ್ಲಿ ಕಟ್ಟಿ ಬಂದ್ಯಾ?" ಕಿಟಕಿಯಲ್ಲಿ ನಿಂತ ಪವಿತ್ರಾ ಅದು ದೂರವಾಗುವವರೆಗೂ ಕೇಳಿಸಿಕೊಂಡಳು. ಇಷ್ಟು ಮಾತು ಆ ಪುಟ್ಟ ಬಾಯಲ್ಲಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಸೋಮವಾರ ಕಾಲುವೆ ಪಕ್ಕದ ಶಾಲೆಯಲ್ಲಿ ಎಂದಿನಂತೆ ಹಾಜರಿ ಆಯಿತು. ಇಂದ್ರಾಣಿ ಎಂದು ಕರೆದಾಗ ಕೈ ಮೇಲೆದ್ದಿತು, ಮಾತು ಬರಲಿಲ್ಲ. ಪವಿತ್ರಾ ತಲೆಯಾಡಿಸಿ ಮುಂದಿನ ಹೆಸರು ಕರೆದಳು. ತಾನೇ ಬಾಗಿಲು ಮುಚ್ಚಿ, ತೆರೆದು, ವಾಕ್ಯ ಹೇಳಿ ತೋರಿಸಿದಳು. ಬಸವಯ್ಯ ಮುಖ ಊದಿಸಿಕೊಂಡು ವರಾಂಡದಲ್ಲಿ ನಿಂತು ನೋಡುತ್ತಿದ್ದರು. ಅವರು ನೋಡುತ್ತಿದ್ದರೂ ನಾಲಿಗೆ ಒಣಗಲಿಲ್ಲ. ದನಿ ಪೂರ್ತಿ ವಾಪಸ್ ಬಂದಿದೆ ಎಂದು ಅವಳು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದಳು.

ಹಿಂದಿನ ಸಾಲಿನ ಹುಡುಗಿ ನಯನ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ತೊದಲತೊಡಗಿದಳು. ಹೊತ್ತಾಗುತ್ತಿತ್ತು, ಹೊರಗೆ ಬಸವಯ್ಯ ಬೇರೆ. ಪವಿತ್ರಾಳಿಗೆ ರೇಗಿತು, ಹಳೆಯ ಅಭ್ಯಾಸ ಎಲ್ಲಿ ಹೋಗುತ್ತದೆ. ಹುಬ್ಬು ಹಾರಿಸಿ, ಬಾಯಲ್ಲೇನು ಕಡುಬು ಎಂದು ಶುರುಮಾಡಿದಳು.

ದನಿ ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ತುಟಿ ಅಲುಗಿತು, ಗಂಟಲು ಖಾಲಿ. "ನಯನ" ಎಂದು ನೋಡಿದಳು, ಸಲೀಸಾಗಿ ಬಂತು. "ನಿಧಾನಕ್ಕೆ ಹೇಳು" ಎಂದಳು, ಅದೂ ಬಂತು. ಆ ಒಂದು ಮಾತು ಮಾತ್ರ ಇದ್ದ ಜಾಗದಲ್ಲಿ ಇರಲಿಲ್ಲ.

ಮುಂದಿನ ಸಾಲಿನಿಂದ ಇಂದ್ರಾಣಿ ಎದ್ದು ಬಂದಳು. ಪವಿತ್ರಾಳ ಸೆರಗು ಹಿಡಿದು ಮೆಲ್ಲಗೆ ಕೆಳಗೆ ಜಗ್ಗಿದಳು. ಪವಿತ್ರಾ ಬಗ್ಗಿದಳು. ಹುಡುಗಿಯ ಬಿಸಿ ಉಸಿರು ಕಿವಿಗೆ ತಾಗಿತು. ಆ ಶಾಲೆಯಲ್ಲಿ ಅವಳು ಸ್ವಂತ ದನಿಯಲ್ಲಿ ಆಡಿದ ಮೊದಲ ಮಾತು ಅದು, ಪವಿತ್ರಾ ಒಬ್ಬಳಿಗೆ ಮಾತ್ರ ಕೇಳಿಸಿತು.

"ಅದ ಮಾತ್ರ ವಾಪಸ್ ಕೊಡಾಕಿಲ್ಲ ಮಿಸ್. ನನ್ತಾವೇ ಮಡೀಕಂಡಿವ್ನಿ."